ಗಂಟೆ ಹೊಡೆದಾಗ ನಿಲ್ಲಿಸಿದ ಕತೆ

ಆ ಶುಕ್ರವಾರ ಕತೆ ಶುರುವಾದದ್ದು ಮೂರು ಗಂಟೆ ಐದು ನಿಮಿಷಕ್ಕೆ. ಶಾಲೆ ಬಿಡುವ ಗಂಟೆ ಹೊಡೆದದ್ದು ಮೂರೂವರೆಗೆ. ಅಷ್ಟರಲ್ಲಿ ಅರ್ಧ ಕತೆ ಮಾತ್ರ ಆಗಿತ್ತು. ಉಳಿದರ್ಧವನ್ನು ಸೋಮವಾರಕ್ಕೆ ಇಟ್ಟವನು ನಾನು.

ಥಾಯ್ಲೆಂಡಿನ ಮಹಾಚೈ ಮೀನುಬಂದರಿನ ಹಿಂದೆ, ಸಿಗಡಿ ಸುಲಿಯುವ ಶೆಡ್ಡುಗಳ ಸಾಲಿನಲ್ಲಿ ನಮ್ಮ ಕಲಿಕಾ ಕೇಂದ್ರವಿದೆ. ಮಕ್ಕಳೆಲ್ಲ ಮೋನ್ ಜನಾಂಗದವರು. ಅಪ್ಪ ಅಮ್ಮಂದಿರು ಬರ್ಮಾದಿಂದ ಕೂಲಿಗೆ ಬಂದವರು. ನಾನೂ ಹತ್ತೊಂಬತ್ತು ವರ್ಷದ ಹಿಂದೆ ಇದೇ ಬಂದರಿಗೆ ಐಸ್ ಹೊರಲು ಬಂದವನೇ, ಈಗ ಇಲ್ಲಿ ಮೇಷ್ಟ್ರು. ಈ ಮಕ್ಕಳು ಮುಂದೆ ಥಾಯ್ ಶಾಲೆಗೆ ಸೇರಬೇಕು. ಅದಕ್ಕೆ ಅಕ್ಷರವಷ್ಟೇ ಸಾಲದು, ಈ ನೆಲದವರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂಬುದೂ ಗೊತ್ತಿರಬೇಕು ಎನ್ನುತ್ತಿದ್ದರು ಕ್ರೂ ಲಮಿಯದ್. ಅವರು ನಿವೃತ್ತ ಥಾಯ್ ಶಿಕ್ಷಕಿ; ಕ್ರೂ ಅಂದರೆ ಥಾಯ್ ಭಾಷೆಯಲ್ಲಿ ಟೀಚರು. ಪ್ರತಿ ಶುಕ್ರವಾರ ಬಂದು ತಮ್ಮ ಅಜ್ಜಿಯಿಂದ ಕೇಳಿದ ಕತೆಗಳನ್ನು ಹೇಳುವರು. ನಾನು ಅವನ್ನು ಮೋನ್ ಭಾಷೆಯಲ್ಲಿ ಹೇಳುವೆ.

ಅಂದಿನ ಕತೆ ಮಕ್ಕಳನ್ನು ಬಚ್ಚಿಡುವ ದೆವ್ವದ್ದು. ಮುಸ್ಸಂಜೆಯಲ್ಲಿ ಕಣ್ಣಾಮುಚ್ಚಾಲೆ ಆಡಿದರೆ ಅದು ಬರುತ್ತದೆ. ಅಮ್ಮನ ದನಿಯಲ್ಲಿ, ಮೇಷ್ಟ್ರ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ. ಓಗೊಟ್ಟ ಮಗು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿಗೆ ಗಂಟೆ ಹೊಡೆಯಿತು.

"ಆಮೇಲೆ?" ಎಂದಳು ಎರಡನೇ ಸಾಲಿನ ಮಿ ಲವೀ. ಏಳು ವರ್ಷದ ಹುಡುಗಿ; ಮಿ ಎಂಬುದು ಮೋನ್ ಹೆಣ್ಣು ಹೆಸರುಗಳ ಮುಂದೆ ಸೇರುವ ಮಾತು. ಪ್ರತಿ ಕತೆಯಲ್ಲೂ ಹತ್ತು ಸಲ ಹಾಗೆ ಕೇಳುವವಳು ಅವಳೊಬ್ಬಳೇ.

"ಆಮೇಲೆ ಸೋಮವಾರ," ಎಂದೆ.

"ಐದು ನಿಮಿಷ ತಡೀರಿ, ಮುಗಿಸಿಬಿಡೋಣ," ಎಂದರು ಕ್ರೂ. "ಇದನ್ನ ಅರ್ಧಕ್ಕೆ ಬಿಡಬಾರದು."

"ಇರಲಿ ಕ್ರೂ. ಆಸೆ ಉಳಿದಿದ್ರೆ ಸೋಮವಾರ ಒಬ್ಬರೂ ತಪ್ಪಿಸಲ್ಲ." ಹೊರಡುವ ಮುಂಚೆ ಕ್ರೂ ಉಳಿದರ್ಧವನ್ನು ನನ್ನೊಬ್ಬನಿಗೆ ಹೇಳಿ ಹೋದರು.

ಅದೇ ಸಂಜೆ ಐದೂಮುಕ್ಕಾಲಿಗೆ ಲವೀಯ ತಾಯಿ ಮಿ ಪಕಾವ್ ಶೆಡ್ಡಿನ ರಬ್ಬರ್ ಬೂಟಿನಲ್ಲೇ ಓಡಿ ಬಂದಳು.

"ಮೇಷ್ಟ್ರೇ, ಲವೀ ಇಲ್ಲಿದಾಳಾ?"

ಇರಲಿಲ್ಲ. ಇಬ್ಬರೂ ದೋಣಿ ಕಟ್ಟುವ ದಕ್ಕೆಗೆ ಓಡಿದೆವು. ಅಲ್ಲಿ ಬಲೆಗಳ ಗುಡ್ಡೆಯ ಪಕ್ಕ ಆರು ಮಕ್ಕಳು ಸಾಲಾಗಿ ಕೂತಿದ್ದರು. ಹತ್ತು ವರ್ಷದ ಮಿ ತಾವ್ ಒಬ್ಬಳೇ ನಿಂತಿದ್ದಳು.

"ಲವೀ ಎಲ್ಲಿ?"

"ಬಚ್ಚಿಟ್ಕೊಂಡಿದಾಳೆ ಮೇಷ್ಟ್ರೇ. ಹೊಸ ಆಟ. ನಾನು ದೆವ್ವ. ಹೆಸರು ಹಿಡಿದು ಕರೀತೀನಿ, ಓಗೊಟ್ಟೋರು ಔಟು. ಇವರೆಲ್ಲ ಔಟು." ಅವಳು ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದಳು, "ಲವೀನೇ ಗೆಲ್ತಿರೋದು."

"ಎಷ್ಟು ಹೊತ್ತಾಯ್ತು?"

"ತುಂಬ ಹೊತ್ತು. ದೋಣಿ ಕಡೆ ಓಡಿದ್ಳು."

ದಕ್ಕೆಗೆ ಐದು ದೋಣಿ ಕಟ್ಟಿದ್ದವು. ಒಂದೊಂದರ ಹೊಟ್ಟೆಯಲ್ಲಿ ಮೀನು ತುಂಬುವ ನಾಲ್ಕು ಗುಂಡಿ, ಒಟ್ಟು ಇಪ್ಪತ್ತು. ಆಳು ಮುಳುಗುವಷ್ಟು ಆಳ, ತಳದಲ್ಲಿ ಬುಟ್ಟಿಗಳ ರಾಶಿ. ಸಂಜೆಯ ಭರತದಲ್ಲಿ, ನೀರು ಏರಿದಾಗ, ಹೊರಡುವ ದೋಣಿಗಳಿಗೆ ಐದು ಗಂಟೆಯಿಂದ ಐಸ್ ತುಂಬುತ್ತಾರೆ. ಕಾರ್ಖಾನೆಯಲ್ಲಿ ಪುಡಿಯಾದ ಐಸ್ ತಗಡಿನ ಜಾರುಕೊಳವೆಯಲ್ಲಿ ಬಂದು ಗುಂಡಿಗೆ ಬೀಳುತ್ತದೆ. ಒಂದು ಗುಂಡಿ ತುಂಬಲು ಆರೇಳು ನಿಮಿಷ ಸಾಕು. ಮೊದಲ ದೋಣಿ ಆಗಲೇ ತುಂಬಿತ್ತು. ಎರಡನೆಯದಕ್ಕೆ ಬೀಳುತ್ತಿತ್ತು.

ಪಕಾವ್ ಹೆಸರು ಹಿಡಿದು ಕೂಗಿದಳು. ನಾನು ಕೂಗಿದೆ. ಮಕ್ಕಳೆಲ್ಲ ಕೂಗಿದರು. ತಗಡಿನ ಮೇಲೆ ಐಸ್ ಜಾರುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಅವಳು ಓಗೊಡಲ್ಲ ಮೇಷ್ಟ್ರೇ," ಎಂದಳು ಪಕಾವ್. "ಹೋದ ವರ್ಷ ಬಾಗಿಲು ಬಡಿದು ಯಾರೋ ಹೆಸರು ಕರೆದ್ರು. ಇವಳು 'ಇದೀವಿ' ಅಂದುಬಿಟ್ಳು. ಕಾಗದಪತ್ರ ಇಲ್ಲ ಅಂತ ಪೊಲೀಸರು ಇವಳಪ್ಪನ್ನ ಹಿಡ್ಕೊಂಡು ಹೋದ್ರು. ಅವತ್ತಿಂದ ಯಾರು ಕರೆದ್ರೂ ಬಾಯಿ ಬಿಡಬೇಡ ಅಂತ ಹೊಡೆದು ಹೇಳಿದೀನಿ."

ತಾಯಿ ಕಲಿಸಿದ ಮೌನಕ್ಕೆ ನನ್ನ ಅರ್ಧ ಕತೆ ಕಾರಣವನ್ನೂ ಕೊಟ್ಟಿತ್ತು. ನಾವು ಹೆಚ್ಚು ಕೂಗಿದಷ್ಟೂ ಅವಳು ಬುಟ್ಟಿಗಳ ಅಡಿಗೆ ಸರಿಯುತ್ತಿದ್ದಿರಬೇಕು.

ಐಸ್ ಮೇಸ್ತ್ರಿ ಪ್ರಸೋಪ್ ಮಾಮನ ಬಳಿ ಹೋಗಿ ಯಂತ್ರ ನಿಲ್ಲಿಸಲು ಕೇಳಿದೆ.

"ಮೊದಲು ಸಂತೆಯಲ್ಲಿ ಹುಡುಕ್ರಯ್ಯ. ಮಕ್ಕಳು ಐಸ್‌ಕ್ಯಾಂಡಿ ಗಾಡಿ ಹಿಂದೆ ಹೋಗಿರ್ತವೆ. ನೀರು ಇಳಿದ್ರೆ ದೋಣಿ ಕೆಸರಲ್ಲಿ ಕೂರುತ್ತೆ, ಆಗ ನನ್ನ ಕೆಲಸ ಹೋದ್ರೆ ನೀನು ಕೊಡಿಸ್ತೀಯಾ?"

"ಹತ್ತು ನಿಮಿಷ ಮಾಮ. ನಿನ್ನ ಮೆಗಾಫೋನೂ ಕೊಡು."

ಅವನು ಪಕಾವ್‌ಳ ಮುಖ ನೋಡಿದ. ಕೈ ಎತ್ತಿ ಸನ್ನೆ ಮಾಡಿದ. ಯಂತ್ರ ನಿಂತಿತು. ಜಾರುಕೊಳವೆಯ ಬಾಯನ್ನು ಆಳುಗಳು ಆಗಷ್ಟೇ ಮೂರನೇ ದೋಣಿಯತ್ತ ತಿರುಗಿಸಿದ್ದರು.

ಹೆಸರು ಕರೆಯಲಿಲ್ಲ. ದಕ್ಕೆಯ ಅಂಚಿನಲ್ಲಿ ಕೂತು, ಮೆಗಾಫೋನ್ ಬಾಯಿಗಿಟ್ಟು, ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಶುರುಮಾಡಿದೆ.

"ಮಧ್ಯಾಹ್ನ ಎಲ್ಲಿ ನಿಲ್ಲಿಸಿದ್ದೆ? ದೆವ್ವ ಮಗೂನ ಬಚ್ಚಿಟ್ಟಿತ್ತು. ಊರೋರೆಲ್ಲ ಹೆಸರು ಹಿಡಿದು ಕರೆದು ಸುಸ್ತಾದ್ರು."

"ಮಗು ಕಳೆದಿದೆ ಅಂತೀಯ, ಕತೆ ಹೇಳ್ತಾ ಕೂತ್ಯಲ್ಲೋ!" ಎಂದ ಮೇಸ್ತ್ರಿ.

"ಆಗ ಅಮ್ಮ ಕರೆಯೋದನ್ನ ನಿಲ್ಲಿಸಿದ್ಳು. ಅಡುಗೆಮನೆಗೆ ಹೋದ್ಳು. ಮಡಕೆಯಿಂದ ಒಂದು ಸೌಟು ಅನ್ನ ತೆಗೆದ್ಳು. ಸೌಟು ಹಿಡ್ಕೊಂಡು ನದಿ ದಂಡೆಗೆ ಬಂದ್ಳು. ಬಂದು..."

ಅಲ್ಲಿಗೆ ನಿಲ್ಲಿಸಿದೆ. ದೋಣಿಯ ಹಗ್ಗಗಳು ಕಿರುಗುಟ್ಟುತ್ತಿದ್ದವು. ಎರಡನೇ ದೋಣಿಯ ಗುಂಡಿಗಳಿಂದ ತಣ್ಣನೆಯ ಹೊಗೆ ಏಳುತ್ತಿತ್ತು. ಪಕಾವ್ ಅದನ್ನೇ ನೋಡುತ್ತಿದ್ದಳು. ನಾನು ಇಪ್ಪತ್ತರವರೆಗೆ ಎಣಿಸಿದೆ. ಮೂವತ್ತಾಯಿತು.

"ಆಮೇಲೆ?"

ಮೂರನೇ ದೋಣಿಯಿಂದ. ಕೊಳವೆಯ ಬಾಯಿ ತೂಗುತ್ತಿದ್ದ ಗುಂಡಿಯಿಂದಲೇ.

ಆಳುಗಳು ಇಳಿಯುವವರೆಗೆ ನಾನು ನಿಲ್ಲಿಸಲಿಲ್ಲ. "ಆಮೇಲೆ ಅಮ್ಮ ಹೆಸರು ಹೇಳಲಿಲ್ಲ. 'ಖ್ವಾನ್, ಬಾ, ಮನೆಗೆ ಬಾ' ಅಂದ್ಳು. ಖ್ವಾನ್ ಅಂದ್ರೆ ಹೆದರಿದಾಗ ನಮ್ಮ ಮೈ ಬಿಟ್ಟು ಹೋಗೋ ಜೀವ. ದೆವ್ವ ಹೆಸರನ್ನ ಕದೀಬಹುದು, ಆ ಮಾತನ್ನ ಕದಿಯೋಕಾಗಲ್ಲ. ಅನ್ನ ಬೇಯಿಸದ ಕೈಯೋರ ಬಾಯಲ್ಲಿ ಅದು ಹೊರಡಲ್ಲ."

ಎರಡು ಬುಟ್ಟಿಗಳ ಕೆಳಗಿನಿಂದ ಅವಳನ್ನು ಎತ್ತಿದರು. ತಳದಲ್ಲಿ ಉಳಿದ ಹಳೆಯ ಐಸ್‌ನೀರಲ್ಲಿ ಕೂತು ತುಟಿ ಕಪ್ಪಿಟ್ಟಿತ್ತು.

"ನಾನು ಸೋತ್ನಾ?" ಎಂದಳು.

ಪಕಾವ್ ಅವಳನ್ನು ಅವುಚಿಕೊಂಡಳು. ಹೊರಡುವಾಗ ನನ್ನ ಕಡೆ ತಿರುಗಿದಳು.

"ಕತೆ ಚೆನ್ನಾಗಿದೆ ಮೇಷ್ಟ್ರೇ. ನಾಳೆ ಮತ್ತೆ ಬಾಗಿಲು ಬಡೀತಾರೆ. ಆಗ ಇವಳು ಓಗೊಡಬೇಕಾ, ಬೇಡ್ವಾ? ಅದೂ ಇದೆಯಾ ಅದರಲ್ಲಿ?"

ಸೋಮವಾರ ಹಾಜರಿ ಕರೆದೆ. ಆರನೇ ಹೆಸರು ಅವಳದು.

"ಮಿ ಲವೀ."

ಅವಳು ಎರಡನೇ ಸಾಲಿನಲ್ಲಿ ಎಂದಿನ ಜಾಗದಲ್ಲೇ ಇದ್ದಳು. ಉತ್ತರ ಕೊಡಲಿಲ್ಲ. ಮತ್ತೊಮ್ಮೆ ಕರೆದೆ. ಅವಳು ನನ್ನ ಮುಖ ನೋಡಲಿಲ್ಲ. ಸೌಟು ಇದೆಯೇ ಎಂದು ನನ್ನ ಕೈಗಳನ್ನೇ ನೋಡುತ್ತಿದ್ದಳು.