ಕದಿರಮ್ಮನ ಬೆಕ್ಕಿನ ಮೀಸೆ

ಹಿಂದೂಪುರದ ಚೌಡೇಶನಿಗೆ ತನ್ನ ಮೂತಿಯ ಮೇಲೆ ಮೀಸೆ ನೆಟ್ಟಗೆ ಚಿಗುರದಿದ್ದರೂ, ತಾನು ಬೆಕ್ಕಿಗೆ ಬರೆಯುವ ಮೀಸೆಯ ಬಗ್ಗೆ ಭಾರೀ ಜಂಬ. ನೇಯ್ಗೆಯವರ ಮನೆಯಲ್ಲಿ ಹುಟ್ಟಿಯೂ ಮಗ್ಗ ಬಿಟ್ಟು, ಅಂಗೈಯಗಲದ ರಟ್ಟಿನ ಮೇಲೆ ಜನರ ನಾಯಿ, ಬೆಕ್ಕು, ಮೊಲಗಳ ಮುಖ ಬರೆದುಕೊಂಡಿದ್ದ. ಮೊದಲು ಒಂದು ಕೈ ಬಣ್ಣ ಬಳಿದು, ಮೇಲೆ ಕೂದಲೆಳೆಯಂಥ ಬ್ರಷ್ಷಿನಲ್ಲಿ ಒಂದೊಂದೇ ರೋಮ ಎಳೆಯುತ್ತಿದ್ದ. ಕೊನೆಗೆ ಮೀಸೆ, ಉಸಿರು ಬಿಗಿಹಿಡಿದು ಒಂದೇ ಎಳೆತ. ಆಗ ಯಾರಾದರೂ ಸೀನಿದರೆ ಅವರ ಗ್ರಹಚಾರ ಬಿಡಿಸುತ್ತಿದ್ದ.

ಮೊಬೈಲು ಇನ್ನೂ ಹೊಸದಾಗಿದ್ದ ಕಾಲ. ಹೆಣ್ಣು ನೋಡಲು ಕಲ್ಯಾಣದುರ್ಗಕ್ಕೆ ಹೋದ. ಹುಡುಗಿ ಬನಶ್ರೀ ತಲೆ ತಗ್ಗಿಸಿಕೊಂಡೇ ಕಾಫಿ ಕೊಟ್ಟು ಒಳಗೆ ಹೋದಳು. ಇವನೇನೋ ಪೆಚ್ಚುಪೆಚ್ಚಾಗಿ ಮಾತಾಡಿದಾಗ ಬಾಗಿಲ ಹಿಂದಿನಿಂದ ಕಿಸಕ್ಕನೆ ನಕ್ಕಳು. ಅಷ್ಟಕ್ಕೇ ಚೌಡೇಶ ಮನಸ್ಸು ಕೊಟ್ಟುಬಿಟ್ಟ. ಆದರೆ ಆ ಮನೆಯಲ್ಲಿ ಹೂಂ ಅನ್ನಬೇಕಾದವಳು ಅವಳ ಅಜ್ಜಿ ಕದಿರಮ್ಮ.

"ಹುಡ್ಗ ಬೊಮ್ಮೆ ಬರೀತಾನಂತಲ್ಲ, ನಮ್ ಕೆಂಚನ್ನ ಬರೀಲಿ. ಆಮ್ಯಾಕೆ ಮಾತು," ಎಂದಳು ಅಜ್ಜಿ.

ಕೆಂಚನೆಂಬ ಬೆಕ್ಕು ಒಲೆ ಪಕ್ಕದ ಬೆಚ್ಚನೆ ಬೂದಿಯಲ್ಲಿ ಬಿದ್ದುಕೊಂಡಿತ್ತು. ಅಲ್ಲಿ ಮಲಗಿ ಮಲಗಿ ಅದರ ಎಡಗಡೆ ಮೀಸೆ ಸುಟ್ಟು ಮೊಂಡಾಗಿತ್ತು. ಮಾವನ ಮನೆಯ ಬೆಕ್ಕಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆಂದು ಚೌಡೇಶ, ಜೊತೆಗೆ ತಂದಿದ್ದ ಬಣ್ಣದಲ್ಲಿ ಬೆಕ್ಕನ್ನು ಬರೆದು, ಎರಡೂ ಕಡೆ ಧಾರಾಳವಾಗಿ ಮೀಸೆ ಎಳೆದ.

ಕದಿರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದಳು. "ಮಾ ಪಿಲ್ಲಿ ಕಾದು. ನಮ್ ಬೆಕ್ಕಲ್ಲ ಕಣಪ್ಪ ಇದು."

"ಚೆಂದಾಗಿರ್ಲಿ ಅಂತ ಮೀಸೆ ಹಾಕ್ದೆ ಅಜ್ಜಿ."

"ನಿನ್ನ ಕೇಳಿದ್ಯಾರು? ನಾಳೆ ನಮ್ ಹುಡ್ಗೀನೂ ಹಿಂಗೇ ತಿದ್ದಾಕೆ ಹೋಯ್ತೀಯಾ?"

ಸಂಬಂಧ ಮುರಿದೇಬಿತ್ತು ಎಂದುಕೊಂಡು ಚೌಡೇಶ ಬ್ರಷ್ಷನ್ನು ಮತ್ತೆ ನೀರಿಗೆ ಅದ್ದಿದ. ಜನ್ಮದಲ್ಲೇ ಬರೆಯದಷ್ಟು ಚೆಂದದ ಆ ಎಡಗಡೆ ಮೀಸೆಗಳನ್ನು ಒದ್ದೆ ಬ್ರಷ್ಷಿನಲ್ಲಿ ಮನಸ್ಸಿಲ್ಲದೆ ಒಂದೊಂದಾಗಿ ಅಳಿಸಿದ. ಅಲ್ಲಿ ಸುರುಟಿದ ಮೊಂಡುಗಳನ್ನು ಬರೆದು ಚಿತ್ರ ಮುಂದಿಟ್ಟ.

"ಹಾಂ, ಬಂದ್ಬುಟ್ಟ ನಮ್ ಕೆಂಚ!" ಎಂದು ಅಜ್ಜಿ ಅದನ್ನು ಎತ್ತಿಕೊಂಡು ಪಕ್ಕದ ಮನೆಗೆ ತೋರಿಸಲು ಹೊರಟೇಬಿಟ್ಟಳು.

ಬನಶ್ರೀ ಹೊರಗೆ ಬಂದಳು. ಕೈಯಲ್ಲೊಂದು ಫೋಟೋ. "ಅಪ್ಪ ನಿಮ್ಮನೆಗೆ ಕಳ್ಸಿದ್ದು ಇಂಥದ್ದೇ. ನೋಡಿ," ಎಂದು ಮುಖವೆತ್ತಿ ನಿಂತಳು.

ಫೋಟೋದಲ್ಲಿ ಗದ್ದ ನುಣ್ಣಗಿತ್ತು. ಅವಳ ಗದ್ದದ ಕೆಳಗೆ, ಕುತ್ತಿಗೆಯವರೆಗೂ, ಸುಟ್ಟ ಕಲೆ.

"ಚಿಕ್ಕೋಳಿದ್ದಾಗ ನೂಲಿಗೆ ಹಾಕೋ ಬಿಸಿ ಗಂಜಿ ಬಿತ್ತು. ಸ್ಟುಡಿಯೋದೋರು ಅಳಿಸ್ಬುಟ್ರು. ಹಂಗೆ ಅಳಿಸಿದ್ದು ಅಜ್ಜಿಗೂ ಗೊತ್ತಿಲ್ಲ. ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬುಡಿ."

ದನಿ ಗಟ್ಟಿಯಾಗಿತ್ತು, ಆದರೆ ಅವಳಿಗೆ ಭಯವಾಗಿತ್ತು.

ಚೌಡೇಶ ಬಣ್ಣ ಕಲಸಿದ. "ವಸಿ ಬೆಳಕಿನ ಕಡೆ ತಿರುಗಿ," ಎಂದ. ಫೋಟೋದ ಗದ್ದದ ಕೆಳಗೆ ಆ ಕಲೆಯನ್ನು ಇದ್ದ ಹಾಗೇ ಬರೆದ.

"ಇದನ್ನ ನಮ್ಮವ್ವನಿಗೆ ತೋರಿಸ್ತೀನಿ. ನಾನು ಮಾಡ್ಕೊಳ್ಳೋಳು ಇವ್ಳೇ ಅಂತ."

"ಒಣಗ್ಲಿ ತಡೀರಿ," ಎಂದು ಬನಶ್ರೀ ಸೆರಗಿನಿಂದ ಫೋಟೋಗೆ ಗಾಳಿ ಬೀಸತೊಡಗಿದಳು.