ಮೀಸಿ ಬಂದ ಕೂಸಿನ ಅರಿವಿ

ಇರುವೆಯೇ ಇರಬೇಕು, ಎಡ ಮೊಣಕೈಯ ಕೆಳಗೆ, ಹೌದು, ಇರುವೆ ಹರಿದಾಡಿದಂತೆಯೇ, ನೋಡಬಾರದು, ನೋಡಿದರೆ ಕೈ ಹೋಗುತ್ತದೆ, ಕೈ ಹೋದರೆ ಉಗುರು ಹೋಗುತ್ತದೆ, ಉಗುರು ಹೋದರೆ ಮುಗಿಯಿತು — ಸಕ್ರಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು, ಲಾಳಿಯನ್ನು ಮುಷ್ಟಿಯಲ್ಲಿ ಹಿಡಿದು, ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡನ್ನೇ ನೋಡುತ್ತ ಕೂತ, ಬಿಸಿಲು ತೋಳಿನವರೆಗೆ ಬಂದಿದೆ, ಈ ಬಿಸಿ ಬಿಸಿಲಿನದೋ ಅದರದೋ, ತಿಳಿಯಲಿಕ್ಕೆ ಸ್ವಲ್ಪ ಹೊತ್ತು ಬೇಕು, ಕೂತಿರೋಣ, ಪಾದಕ್ಕೆ ಕುಣಿಯ ಮಣ್ಣು ತಂಪಾಗಿದೆ, ಅಪ್ಪ ಅಗೆದ ಕುಣಿ, ಬೆಟಗೇರಿಯ ಈ ಓಣಿಯಲ್ಲಿ ಹುಟ್ಟಿದಾಗಿನಿಂದ ಇದರ ತಂಪು ಗೊತ್ತು, ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ಮಾತ್ರ ಹತ್ತಿರ ಬರಲಾಗಲಿಲ್ಲ, ಹೆಂಡತಿ ಅಮೃತವ್ವ ಮೇಲೆ ಹಲಗೆ ಹಾಸಿ ಜೋಳದ ಚೀಲ ಇಟ್ಟುಬಿಟ್ಟಿದ್ದಳು, ನಿನ್ನೆಯಷ್ಟೇ ಸರಿಸಿದಳು, ಇವತ್ತೊಂದು ದಿನ ಕುಂತು ನೋಡ್ರಿ, ಮತ್ತ ಮೈಮ್ಯಾಲೆ ದದ್ದು ಎದ್ದರ ನಮ್ಮ ತಮ್ಮ ಹೇಳಿದಂಗ ಮಾಡೂಣು — ಅವಳ ತಮ್ಮ, ಮುಂಡರಗಿಯಲ್ಲಿ ಕಾಳಿನ ಅಂಗಡಿ ಇಟ್ಟವನು, ಮಾಮಾ, ಆ ಕುಣಿ ಮುಚ್ಚಿಬಿಡ್ರಿ, ನನ್ನ ಗಾದಿ ಮ್ಯಾಲೆ ಬಂದು ಕುಂಡ್ರಿ, ಅಂಗಿ ಇಲ್ಲದ ಕುಂತರೂ ಯಾರೂ ಏನೂ ಅನ್ನೂದಿಲ್ಲ, ನನ್ನ ಹೊಟ್ಟಿ ನೋಡಿ ನೋಡಿ ಗಿರಾಕಿಗೆ ರೂಢಿ ಆಗೇತಿ, ಎಂದು ನಗಿಸಿದ್ದ, ಒಳ್ಳೆಯವನು, ಅಂಥ ಹೊತ್ತಿನಲ್ಲಿ ನಗಿಸಿದವನಿಗೆ ಪುಣ್ಯ ಬರಲಿ, ಆದರೆ ಮಣ್ಣು ತುಂಬಿದ ಕುಣಿಯನ್ನು ಈ ವಯಸ್ಸಿನಲ್ಲಿ ಮತ್ತೆ ಅಗೆಯುವವರು ಯಾರು, ಇರುವೆ, ಇರುವೆಯೇ ಆಗಿರಲಿ.

ಮೊದಲು ಬಂದದ್ದೂ ಹೀಗೇ ಅಲ್ಲವೇ, ಕುತ್ತಿಗೆಯ ಹಿಂದೆ ಎಳೆ ಬಿದ್ದಂತೆ, ಎಳೆಯೇ ಎಂದು ತೆಗೆಯಲು ಹೋದ, ಎಳೆ ಇರಲಿಲ್ಲ, ಊಟದ ಹೊತ್ತಿಗೆ ಬೆನ್ನೆಲ್ಲ ದದ್ದು, ರೊಟ್ಟಿ ಉಬ್ಬಿದಂತೆ ಉಬ್ಬಿ, ಕೆರೆದಲ್ಲೆಲ್ಲ ಖಾರದಪುಡಿ ಸವರಿದ ಉರಿ, ಎರಡು ತಾಸಿಗೆ ತಾನೇ ಇಳಿಯಿತು, ಬೆಳಗಾಗುತ್ತಲೇ ತೊಡೆಯ ಮೇಲೆ ಎದ್ದಿತು, ಪಿತ್ತ ಅಂದರು, ಅಮೃತವ್ವ ಹುಳಿ ಅಮಸೂಲ ನೆನೆಸಿದ ನೀರು ಹಚ್ಚಿದಳು, ಲಕ್ಷ್ಮೇಶ್ವರದ ವೈದ್ಯ ಕಾವಿ ಅರೆದು ಬಳಿದು ಕಳಿಸಿದ, ಕೆಂಪು ಮೈ ಹೊತ್ತು ಬಸ್ಸಿನಲ್ಲಿ ನಿಂತೇ ಬಂದ, ಪಕ್ಕದವರು ಸರಿದು ಕೂತರು, ಸರಿಯಲಿ, ಅಂಟುಜಾಡ್ಯ ಇರಬಹುದು ಅಂತ ಅವರಿಗೂ ಅಂಜಿಕೆ, ಮಾಗಡಿ ಕೆರೆಯ ಹತ್ತಿರ ಬಸ್ಸು ನಿಂತಾಗ ಕಿಡಕಿಯಿಂದ ಕಂಡವು, ಎಲ್ಲಿಂದಲೋ ಹಾರಿ ಬಂದ ಹಕ್ಕಿಗಳು, ಎದೆಯವರೆಗೆ ನೀರಿನಲ್ಲಿ ಮುಳುಗಿ ಸುಮ್ಮನೆ ಕೂತಿದ್ದವು, ಎಷ್ಟು ಸುಖ ಅನ್ನಿಸಿ ಕಣ್ಣು ತುಂಬಿತ್ತು, ಕರಿ ಕಂಬಳಿ ಹೊದಿಸಿ ಉಜ್ಜಿದರೆ ಇಳಿಯುತ್ತದೆ ಅಂತ ಯಾರೋ ಹೇಳಿದರು, ಉಜ್ಜಿದಳು, ಆ ದಿನ ಅವನು ಅತ್ತದ್ದು ಓಣಿಗೆಲ್ಲ ಕೇಳಿತು, ನೂಲಿಗೆ ಬಣ್ಣ ಹಾಕುವುದನ್ನು ಬಿಟ್ಟ, ಗಂಜಿ ಮುಟ್ಟುವುದನ್ನು ಬಿಟ್ಟ, ಬದನೆಕಾಯಿ ಬಿಟ್ಟ, ಕೊನೆಗೆ ಮಗ್ಗವನ್ನೇ ಬಿಟ್ಟ, ಅದು ಬಿಡಲಿಲ್ಲ, ಗದಗಿನ ಡಾಕ್ಟರು ಕನ್ನಡಕ ಮೇಲೇರಿಸಿ ಬೆನ್ನನ್ನು ಬಹಳ ಹೊತ್ತು ನೋಡಿದರು, ಅಂಟೂದಲ್ಲರೀ ಇದು, ಹಿಂಗ ತಿಳ್ಕೊಳ್ರಿ, ನಿಮ್ಮ ಮೈಯಾಗ ಕಾವಲುಗಾರರು ಇರತಾರ, ಹೊರಗಿನ ಕಳ್ಳರನ್ನ ಹಿಡಿಯಾಕ, ಅವರು ನಿಮ್ಮನ್ನ ಕಳ್ಳ ಅಂತ ತಿಳದಾರ, ಯಾಕ ತಿಳದರು — ಖರೆ ಹೇಳಲಾ, ನನಗ ಗೊತ್ತಿಲ್ಲ, ಗುಳಿಗಿ ಕೊಡತೀನಿ, ತಡೀರಿ, ಇಳಿದೀತು, ಎಂದರು, ಗೊತ್ತಿಲ್ಲ ಅಂತ ಹೇಳಿದವರು ಅವರೊಬ್ಬರೇ, ಅಲ್ಲಿಯವರೆಗೆ ಎಲ್ಲರಿಗೂ ಎಲ್ಲ ಗೊತ್ತಿತ್ತು, ಅಷ್ಟು ಹೇಳಿದ್ದಕ್ಕೇ ಅರ್ಧ ಉರಿ ಆರಿದಂತಾಗಿ ಕೈ ಮುಗಿದು ಬಂದಿದ್ದ, ಕೈ, ಮೊಣಕೈ, ಇಲ್ಲ, ನೋಡುವುದಿಲ್ಲ.

ಉಟ್ಟ ಅರಿವಿಯೇ ವೈರಿ ಆಗಿತ್ತು ಆಗ, ನೇಕಾರನ ಮೈಗೆ ಅರಿವಿ ಆಗದೆ ಹೋಯಿತು, ಹೀಗೂ ಉಂಟೇ, ಅಮೃತವ್ವನಿಗೆ ಅದು ತಡೆಯಲಿಲ್ಲ, ನೇಕಾರರ ಮನೆ, ಕೊರತೆ ಏನು, ಮಗ್ಗ ನಿಲ್ಲುವ ಮೊದಲು ಇಳಿದಿದ್ದ ಹೊಸದನ್ನೇ ಹಾಸಿದಳು, ಹೊಸದನ್ನೇ ಹೊದಿಸಿದಳು, ಧೋತರಕ್ಕೆ ಎಂದಿಗಿಂತ ಗಟ್ಟಿ ಗಂಜಿ ಕೊಟ್ಟು ಗರಿಗರಿ ಮಾಡಿ ಉಡಿಸಿದಳು, ಬಂದವರ ಮುಂದೆ ಗಂಡ ರೋಗಿಯಂತೆ ಕಾಣಬಾರದು ಅಂತ, ಅದೆಲ್ಲ ಪ್ರೀತಿಯೇ, ಪ್ರೀತಿಯ ಒಂದೊಂದು ಎಳೆಯೂ ಮುಳ್ಳಾಗಿ ನಾಟುತ್ತಿತ್ತು, ಅದನ್ನು ಹೇಳಿದ್ದು ಶಮಶಾದಬಿ, ಮಗ್ಗುಲು ಮನೆಯವಳು, ಊರೂರು ತಿರುಗಿ ಹಳೆ ಅರಿವಿ ಕೂಡಿಸಿ ಕೌದಿ ಹೊಲಿಯುವವಳು, ಬಾಗಿಲಲ್ಲಿ ನಿಂತು ನೋಡಿದಳು, ಅಮೃತಾ, ಹುಟ್ಟಿದ ಕೂಸಿಗೆ ಹೊಸ ಅರಿವಿ ಸುತ್ತತಾರೇನ? ಇಲ್ಲಕ್ಕಾ, ಹಳೇದು ಬೇಡಿ ತರತಾರ. ಮತ್ತ ಇವಗ್ಯಾಕ ಹೊಸಾದು ಹೊದಿಸಿ? ಇವನೂ ಈಗ ಹಸಿ ಮೈಯವನ. ಅಮೃತವ್ವನ ಮುಖ ಸಣ್ಣದಾಯಿತು, ನೇಕಾರರ ಮನ್ಯಾಗ ಹುಟ್ಟಿ ಹಳೀ ಅರಿವಿ ಬೇಡಾಕ ಹೋಗಲ್ಯಾ ಅಕ್ಕಾ, ಮಂದಿ ಏನಂದಾರು. ನೀ ಹೋಗಬ್ಯಾಡ, ನಾ ಬೇಡತೀನಿ, ನನಗ ಬೇಡಿ ರೂಢಿ ಐತಿ, ಎಂದು ಹೋಗಿಯೇಬಿಟ್ಟಳು, ಆ ಮುದುಕಿ, ಬಿಸಿಲಲ್ಲಿ, ಓಣಿ ಓಣಿ, ಮಲ್ಲಸಮುದ್ರದವರೆಗೆ, ಮಕ್ಕಳನ್ನು ಹೆತ್ತು ದಕ್ಕಿಸಿಕೊಂಡ ಮನೆಗಳನ್ನೇ ಆರಿಸಿ, ಕೂಸಿಗೆ ಕೇಳಿದಂತೆಯೇ, ಒಂದು ಹಳೀ ಸೀರಿ ಇದ್ದರ ಕೊಡ್ರೆವ್ವಾ, ತೊಳದು ತೊಳದು ಮೆತ್ತಗಾಗಿದ್ದು. ಯಾರ ಬಾಣಂತನ ಅಬ್ಬೆ? ನಮ್ಮ ಓಣ್ಯಾಗ. ಗಂಡೋ ಹೆಣ್ಣೋ? ಗಂಡು. ಹೆಂಗ ಐತಿ ಕೂಸು? ಮೀಸಿ ಬಂದಾವ, ಹಲ್ಲು ಎರಡು ಬಿದ್ದಾವ, ಚಾ ಸಾಲಲಿಲ್ಲಂದ್ರ ಸಿಟ್ಟಿಗೇಳತೈತಿ — ನಕ್ಕರು, ಯಾರಿಗೆ ಅಂತ ತಿಳಿದ ಮೇಲೂ ಕೊಟ್ಟರು, ಬಸ್ಸಿನಲ್ಲಿ ಸರಿದು ಕೂತಂಥ ಮಂದಿಯೇ ಇರಬೇಕು, ಪೆಟ್ಟಿಗೆ ತೆಗೆದು ಕೊಟ್ಟರು.

ಶಮಶಾದಬಿ ಗಂಟು ಬಿಚ್ಚಿದಾಗ ಅವನು ಗೋಡೆಯ ಕಡೆ ಮುಖ ಮಾಡಿದ್ದ, ನಾಚಿಕೆ, ಸೀಗೆಕಾಯಿ, ಹೊಗೆ, ಕೂಸಿನ ಹಾಲು, ಹತ್ತಾರು ಮನೆಗಳ ವಾಸನೆ ಒಟ್ಟಿಗೆ ಬಂತು, ಅವಳು ಬೆನ್ನಿನ ಮೇಲೆ ಒಂದನ್ನು ಹಾಸಿದಳು, ಮೈ ಉರಿಯಲು ಸಿದ್ಧವಾಯಿತು, ಕಾದ, ಉರಿಯಲಿಲ್ಲ, ಮತ್ತೆ ಕಾದ, ನೀರು ಇಳಿದ ಹಾಗೆ ಇಳಿಯಿತು ಆ ಅರಿವಿ, ಮಾಗಡಿ ಕೆರೆಯ ಹಕ್ಕಿ ಹೀಗೇ ಕೂತಿತ್ತು, ಕೈಯಾಡಿಸಿ ಸೀರೆಯ ದಡಿಯನ್ನು ಬೆರಳಿನಿಂದ ಸವರಿದ, ಬೆರಳು ನಿಂತಿತು, ತಿರುಗಿ ನೋಡಿದ, ಗೋಮಿ ನಮೂನೆಯ ದಡಿ, ಅಂಚಿನಲ್ಲಿ ಎರಡೆಳೆ ಒತ್ತಾಗಿ ಹೊಡೆದದ್ದು, ಹಾಗೆ ಹೊಡೆಯುವ ಕೈ ಒಂದೇ, ಚೀನಾದ ಯುದ್ಧ ಆದ ವರ್ಷ ನೇಯ್ದದ್ದು, ತನ್ನದೇ, ಇದು ಎಲ್ಲಿ ಸಿಕ್ಕಿತು? ಮಲ್ಲಸಮುದ್ರದ ಸುಮಿತ್ರವ್ವನ ಮನ್ಯಾಗ, ಅಕಿ ಉಟ್ಟುಕೊಂಡ ಇದ್ಲು, ಇದಕ್ಕಿಂತ ಮೆತ್ತಂದು ನನ್ನ ಹತ್ತರ ಇಲ್ಲ ತಡಿ ಅಂತ ಒಳಗ ಹೋಗಿ ಬ್ಯಾರೇದು ಉಟ್ಟು ಬಂದು ಕೊಟ್ಲು, ಕೊಡೂ ಮುಂದ ಸೆರಗಿನ ಗಂಟು ಬಿಚ್ಚಿ, ಅದರಾಗಿದ್ದ ಬೆಲ್ಲದ ಚೂರು ನನ್ನ ಬಾಯಾಗ ಹಾಕಿದ್ಲು — ಸುಮಿತ್ರವ್ವ ಯಾರೋ, ಕಪ್ಪಗಿದ್ದಾಳೋ ಕೆಂಪಗಿದ್ದಾಳೋ, ಇವತ್ತಿಗೂ ನೋಡಿಲ್ಲ, ಅವಳ ಮಕ್ಕಳು ಇದೇ ಸೆರಗು ಹಿಡಿದು ಜಗ್ಗಿರಬೇಕು, ಇದರಿಂದಲೇ ಮೂಗು ಒರೆಸಿರಬೇಕು, ಬಾವಿಕಟ್ಟೆಯ ಕಲ್ಲಿಗೆ ಬಡಿದು ಬಡಿದು ಗಂಜಿಯ ಕೊನೆಯ ಬಿಗುವನ್ನೂ ಅವಳು ತೆಗೆದಿದ್ದಳು, ಗಂಟು ಹಾಕುತ್ತಿದ್ದ ತುದಿ ಮಾತ್ರ ಸೋಡಾ ಹಾಕಿ ಒಗೆದರೂ ನೆಟ್ಟಗಾಗಲಿಲ್ಲ, ಮುದುಡಿದ ಹೂವಿನಂತೆ ಸುಕ್ಕಾಗಿಯೇ ಉಳಿದಿದೆ, ಗುಳಿಗೆಯ ಗುಣವೋ ಸೀರೆಯದೋ, ಮಳೆಗಾಲ ಕಳೆಯುತ್ತಲೇ ದದ್ದು ತೆಳುವಾದವು, ಡಾಕ್ಟರು ಬೆನ್ನು ನೋಡಿ ನಕ್ಕು, ಎರಡೂ ಬಿಡಬ್ಯಾಡ್ರಿ, ಎಂದರು.

ಈಗ ನೋಡಿದ. ಇರುವೆ ಇಲ್ಲ. ಮೊಣಕೈಯ ಕೆಳಗೆ ಉಗುರಿನಷ್ಟು ಕೆಂಪು, ಉಬ್ಬಿದೆ, ಬಂದಿದೆ, ಬಂತಲ್ಲ — ಅಡಿಗೆಮನೆಯಿಂದ ಅಮೃತವ್ವ, ಲಾಳಿ ಸಪ್ಪಳ ಇಲ್ಲಲ್ರೀ, ಏನರ ಎದ್ದಿತೇನು? ಅವನು ಹೆಗಲ ಮೇಲಿನ ಸುಮಿತ್ರವ್ವನ ಸೀರೆಯ ತುದಿಯನ್ನು ಎಳೆದು ಮೊಣಕೈಗೆ ಒತ್ತಿ ಹಿಡಿದ, ಇರುವಿ. ಹೋತೇನು? ಹೋಗತೈತಿ, ನೀ ರೊಟ್ಟಿ ಬಡಿ. ಉರಿ ಇದೆ, ಉಗುರಿನಷ್ಟೇ ಇದೆ, ಬಿಸಿಲು ತೋಳು ದಾಟಿ ಮಗ್ಗದ ಹಾಸಿನ ಎಳೆಗಳ ಮೇಲೆ ಬಿತ್ತು, ಇನ್ನೂ ಉಗುರಿನಷ್ಟೇ, ಕಾವಲುಗಾರರೇ, ನಾನೇ ಮಾರಾಯರಾ, ಸಕ್ರಪ್ಪ, ಈ ಮನೆಯವನೇ, ಲಾಳಿ ಹೊಡೆದ, ಮಗ್ಗದ ಹಲಗೆ ಬಡಿಯಿತು, ಕುಣಿಯ ಮಣ್ಣು ಕಾಲಿಗೆ ಮಾತಾಡಿತು, ಮತ್ತೊಂದು ಎಳೆ, ಬಿರುಸಾಗಿದೆ ಈ ಹೊಸ ಎಳೆ, ಇರಲಿ, ಯಾವಳೋ ಒಬ್ಬಳು ಉಡುತ್ತಾಳೆ, ಒಗೆಯುತ್ತಾಳೆ, ಮಕ್ಕಳು ಜಗ್ಗುತ್ತವೆ, ಮೆತ್ತಗಾಗುತ್ತದೆ, ಒಂದು ದಿನ ಯಾರೋ ಬಾಗಿಲಿಗೆ ಬಂದು ಬೇಡುತ್ತಾರೆ, ಆಗ ಅವಳು ತುದಿಯ ಗಂಟು ಬಿಚ್ಚಿ, ಒಳಗಿದ್ದ ಬೆಲ್ಲ, ಮುದುಡಿದ ಆ ತುದಿ, ಮೊಣಕೈಯ ಮೇಲೆ, ಹೂವಿನಂತೆ, ಮುದುಡಿದ ಆ ತುದಿ —