ಮೂರನೇ ಜೋಡಿ ಟ್ವೀಟರ್

ಊಟವಾದ ತಕ್ಷಣ ಮನುಷ್ಯ ಮಾಡಬಾರದ ಕೆಲಸ ಒಂದಿದೆ: ಕಾರಿನ ಡ್ಯಾಶ್‌ಬೋರ್ಡ್ ಅಡಿ ತಲೆಕೆಳಗಾಗಿ ಮಲಗುವುದು. ಕಾರಿಗೆ ಸ್ಟೀರಿಯೋ ಕೂರಿಸುವ ಫಿಟ್ಟರ್ ಅದನ್ನು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದ. ಬೆನ್ನು ಬಾಗಿತ್ತು, ಮೊಣಕಾಲು ಮುನಿಸಿಕೊಂಡಿತ್ತು. ಕಿವಿಯೊಂದು ಮಾತ್ರ ಅಪ್ಪಟ ಚಿನ್ನ ಅಂತ ಊರೆಲ್ಲ ಹೇಳುತ್ತಿತ್ತು. ಬೇರೆ ಅಂಗಡಿಯವರು ಮೀಟರು ಹಿಡಿದು ಅಳೆಯುವಾಗ ಇವನು ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಪಕ್ಕದ ಸೀಟಿನಡಿಯ ಆಂಪ್ಲಿಫೈಯರಿಗೆ ಸ್ಕ್ರೂಡ್ರೈವರ್ ಚಾಚಿ, ಕೂದಲೆಳೆಯಷ್ಟು ತಿರುಗಿಸಿ "ಹಾಂ, ಈಗ ಕೂತ್ಕೊಂಡ್ತು" ಅನ್ನುತ್ತಿದ್ದ. ಆ ಒಂದು ಮಾತಿಗಾಗಿ ಜನ ನಾಲ್ಕು ಅಂಗಡಿ ದಾಟಿ ಬರುತ್ತಿದ್ದರು. ಆ ಕಿವಿ ಹೋದರೆ ಇದೂ ಐದನೇ ಅಂಗಡಿ, ಅಷ್ಟೇ.

ಇವತ್ತು ಬಂದಿದ್ದವರು ಡ್ರೈವಿಂಗ್ ಸ್ಕೂಲಿನ ಮಾಸ್ತರು. ದಿನವಿಡೀ ಕಲಿಯುವವರ ಕೈಯಲ್ಲಿ ಗೇರು ಕಿರುಚುವುದನ್ನು ಕೇಳಿ, ಸಂಜೆ ಮನೆಗೆ ಹೋಗುವಾಗ ಒಂದಿಷ್ಟು ಹಾಡು ಬೇಕು ಅನ್ನುವುದೇ ಅವರ ಏಕೈಕ ದುರಾಸೆ.

"ಫಿಟ್ಟರೇ, ಹೋದ ಸಲದ ಟ್ವೀಟರ್ ಜೋಡಿ ಎರಡು ತಿಂಗಳು ಬಾಳ್ತು. ಇದು ಇಪ್ಪತ್ತೇ ದಿನ. ಮೊದಮೊದಲು 'ತ್ಸಿಂ ತ್ಸಿಂ' ಅಂತಿತ್ತು. ಆಮೇಲೆ ಶೀತ ಆದವರ ಥರ 'ಖರ್ರ್‌ರ್' ಅಂತು. ಮೊನ್ನೆಯಿಂದ ಮೌನವ್ರತ."

ಟ್ವೀಟರಿನ ಕೊನೆಯುಸಿರನ್ನು ಅವರು ಮೂಗಿನಲ್ಲಿ ಎಷ್ಟು ಚೆನ್ನಾಗಿ ಎಳೆದರೆಂದರೆ, ಮೇಜಿನ ಹತ್ತಿರ ವೈರು ಬೆಸೆಯುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಅಂಗಡಿ ಅಕ್ಕ ತಮ್ಮ ಇಬ್ಬರದೂ. ಬೆಸೆಯುವುದು ಅವಳು, ಬೀಗುವುದು ಇವನು.

ಫಿಟ್ಟರಿಗೆ ನಗು ಬರಲಿಲ್ಲ. ಬಾಗಿಲಿನ ದೊಡ್ಡ ಸ್ಪೀಕರಿಗೆ ತಗ್ಗು ದನಿ, ಗಾಜಿನ ಪಕ್ಕದ ಕಂಬದಲ್ಲಿ ಕೂತ ಪುಟ್ಟ ಟ್ವೀಟರಿಗೆ ಎತ್ತರದ ದನಿ, ನಡುವೆ ಪಾಲು ಮಾಡಿಕೊಡಲು ಒಂದು ಡಬ್ಬಿ. ಈ ಸೆಟ್ಟು ಸದಾಕಾಲ ತಡೆಯುವುದು ಅರವತ್ತು ವಾಟ್. ಪೆಟ್ಟಿಗೆಯ ಮೇಲೆ ಬಂಗಾರದ ಅಕ್ಷರದಲ್ಲಿ ಮುನ್ನೂರು ಅಂತಿದೆ. ಅದು ಪ್ರೊಫೈಲ್ ಫೋಟೋದ ಹಾಗೆ, ಆ ಒಂದು ಕ್ಷಣಕ್ಕೆ ಮಾತ್ರ ನಿಜ. ಮೊದಲ ಜೋಡಿ ಸುಟ್ಟಾಗ ಮೂವತ್ತೈದು ವಾಟಿನ ಆಂಪ್ಲಿಫೈಯರನ್ನು ಬೈದಿದ್ದ. ತಪ್ಪಲ್ಲ, ಗಂಟಲು ಸಾಲದವನು ಅರಚಿದರೆ ದನಿ ಒಡೆಯುತ್ತದೆ, ಒಡೆದ ದನಿ ಮೊದಲು ಸುಡುವುದು ಟ್ವೀಟರನ್ನೇ. ಸರಿ, ಎಪ್ಪತ್ತೈದು ವಾಟಿನದು ಹಾಕಿದ. ಎರಡನೇ ಜೋಡಿಯೂ ಸುಟ್ಟಿತು. ಆಗ ಪಾಲು ಮಾಡುವ ಡಬ್ಬಿಯನ್ನು ಬದಲಿಸಿದ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಈಗ ಮೂರನೆಯದೂ ಸುಟ್ಟಿತ್ತು, ಬರೆ ಹಾಕಲು ಎಮ್ಮೆಗಳೂ ಮುಗಿದಿದ್ದವು.

ಮಾಸ್ತರು ಟೀ ಕುಡಿಯಲು ಹೋದರು. ಫಿಟ್ಟರ್ ಹೊಸ ಜೋಡಿ ಕೂರಿಸಿದ. ಬಲಗಡೆ ಮುಗಿಸಿದ, ಎಡಗಡೆ ಮುಗಿಸಿದ, ಹಾಡು ಹಾಕಿ ಕಣ್ಣು ಮುಚ್ಚಿದ. ಏನೋ ಮಂಕು. ಇತ್ತೀಚೆಗೆ ಎಲ್ಲ ಕಾರುಗಳೂ ಮಂಕೇ. ಆಂಪ್ಲಿಫೈಯರಿನಲ್ಲಿ ದನಿ ಏರಿಸುವ ಗೇನ್ ತಿರುಪನ್ನು ತಿರುಗಿಸಿದ. ಇನ್ನೊಂದಿಷ್ಟು. ಡಬ್ಬಿಯಲ್ಲಿ ಟ್ವೀಟರಿನ ಪಾಲನ್ನೂ ಏರಿಸಿದ. ಹತ್ತು ನಿಮಿಷದ ಮೇಲೆ ಕೊನೆಗೂ ದನಿ ಬಿಚ್ಚಿಕೊಂಡಿತು ಅನ್ನಿಸಿತು.

"ಅಕ್ಕಾ, ಬಾ ಇಲ್ಲಿ, ಕೇಳು. ಎಡಗಡೆಯದು ಒಂಚೂರು ಚೂಪಾಯ್ತೇನೋ. ಬಲದ್ದು ಸರಿಯಾಗಿ ಕೂತಿದೆ."

ಅಕ್ಕ ಪಕ್ಕದ ಸೀಟಿಗೆ ಬಂದವಳೇ ಎರಡೂ ಕಿವಿಗೆ ಬೆರಳಿಟ್ಟಳು. "ಅಯ್ಯೋ, ಆರಿಸೋ! ತಲೆಯೊಳಗೆ ಸೂಜಿ ಆಡಿಸ್ತಿದ್ದೀಯಾ?"

"ಅಷ್ಟೆಲ್ಲ ಇಲ್ಲಮ್ಮ."

"ನಿಂಗೆ ಇಲ್ಲ." ಅವಳು ಹಾಡು ನಿಲ್ಲಿಸಿ ಎಡಗಂಬದ ಕಡೆ ನೋಡಿದಳು. ಆಮೇಲೆ ತಮ್ಮನ ಮುಖ ನೋಡಿದಳು. ದನಿ ಇಳಿಯಿತು. "ಎಡಗಡೆಯದು ಚೂಪು ಅಂದೆಯಲ್ಲ?"

"ಹೂಂ."

"ಅದಕ್ಕೆ ವೈರೇ ಕೊಟ್ಟಿಲ್ಲ ಕಣೋ."

ಅವನು ಬಗ್ಗಿ ನೋಡಿದ. ಎಡ ಟ್ವೀಟರಿನ ಎರಡು ವೈರು, ತುದಿ ಸುಲಿದುಕೊಂಡು, ಕಂಬದ ಮುಚ್ಚಳದ ಹಿಂದೆ ಹಾಯಾಗಿ ನೇತಾಡುತ್ತಿದ್ದವು. ಹತ್ತು ನಿಮಿಷ ಅವನು ಮೂಕ ಟ್ವೀಟರಿನ ಹಾಡನ್ನು ತಿದ್ದಿದ್ದ.

"ಸುಸ್ತು," ಅಂದ. "ಮರೆತೆ."

"ಮರೆಯೋದು ಸುಸ್ತಿಗೆ. ಕೇಳಿಸದೇ ಇರೋದು ಸುಸ್ತಿಗಲ್ಲ."

ಇಪ್ಪತ್ತಾರು ವರ್ಷ ಮುಚ್ಚಿದ ಗಾಜುಗಳ ಒಳಗೆ ಕೂತು ಹೀರಿದ ಸದ್ದೆಲ್ಲ ಒಟ್ಟಿಗೆ ಮೈಮೇಲೆ ಬಂದು ಕೂತಂತಾಯಿತು. ಮಂಕಾದದ್ದು ಕಾರುಗಳಲ್ಲ. ತನಗೆ ಕೇಳಲಿ ಅಂತ ಏರಿಸಿ ಏರಿಸಿ ಮೂರು ಜೋಡಿ ಸುಟ್ಟವನು ತಾನೇ.

ಅಷ್ಟರಲ್ಲಿ ಮಾಸ್ತರು ಬಾಯಿ ಒರೆಸಿಕೊಳ್ಳುತ್ತಾ ಬಂದರು. "ಏನಂತೆ ಕಾಯಿಲೆ?"

ಅಕ್ಕ ಬಾಯಿ ತೆರೆದಳು. ಆಂಪ್ಲಿಫೈಯರ್, ಬ್ಯಾಟರಿ, ರಸ್ತೆಯ ಹಳ್ಳ... ಬರೆ ಹಾಕಲು ಇನ್ನೊಂದು ಎಮ್ಮೆ ಸಿಗುವುದೇನು ಕಷ್ಟವಲ್ಲ. ಫಿಟ್ಟರ್ ಕೈ ಅಡ್ಡ ಹಿಡಿದ.

"ಕಾಯಿಲೆ ನಂದು ಮಾಸ್ತರೇ. ಎತ್ತರದ ದನಿ ನಂಗೆ ಕೇಳಿಸ್ತಿಲ್ಲ. ಗೊತ್ತಾಗದೆ ಜಾಸ್ತಿ ಮಾಡಿಟ್ಟೆ. ಮೂರು ಸಲವೂ ನಾನೇ ಸುಟ್ಟಿದ್ದು."

"ಗಾಡಿ ಕಲಿಯೋಕೆ ಬರೋರಿಗೆಲ್ಲ ಮೊದಲು ಕಣ್ಣು ತೋರಿಸ್ಕೊಂಡು ಬನ್ನಿ ಅಂತೀನಿ," ಅಂದರು ಮಾಸ್ತರು. "ನಾನು ತೋರಿಸಿ ಏಳು ವರ್ಷ ಆಯ್ತು." ಮತ್ತೆ ಕಾರಿನ ಕಡೆ ಗದ್ದ ಚಾಚಿ, "ಹೋಗ್ಲಿ. ಈಗ ಏನ್ಮಾಡೋದು?"

ಅಕ್ಕ ಮೀಟರು ತಂದಳು. ಸ್ಪೀಕರ್ ವೈರು ಬಿಚ್ಚಿ, ಫೋನಿನಿಂದ ಒಂದೇ ಸಮನೆ "ಊಂ" ಅನ್ನುವ ಸ್ವರ ಬಿಟ್ಟು, ಆಂಪ್ಲಿಫೈಯರಿನ ಬಾಯಿಗೆ ಮೀಟರಿನ ಕಡ್ಡಿ ಇಟ್ಟಳು. ಇಪ್ಪತ್ತೊಂದು ವೋಲ್ಟ್.

"ಅರವತ್ತು ವಾಟ್, ಸ್ಪೀಕರಿನ ತಡೆ ನಾಲ್ಕು ಓಮ್. ಗುಣಿಸಿದರೆ ಇನ್ನೂರ ನಲವತ್ತು, ಅದರ ವರ್ಗಮೂಲ ಹದಿನೈದೂವರೆ ವೋಲ್ಟ್. ಹಾಸಿಗೆ ಅಷ್ಟೇ ಇರೋದು. ನೀನು ಕಾಲನ್ನ ಪಕ್ಕದ ಮನೆವರೆಗೆ ಚಾಚಿದ್ದೀಯ."

ಅವನು ಹದಿನೈದೂವರೆಗೆ ಇಳಿಸಿದ. ಟ್ವೀಟರಿನ ಪಾಲನ್ನೂ ಇಳಿಸಿದ. ಬಿಚ್ಚಿದ ಸ್ಪೀಕರ್ ವೈರು ಸೇರಿಸಿ, ಎಡ ಟ್ವೀಟರಿಗೂ ವೈರು ಕೊಟ್ಟು, ಎರಡೆರಡು ಸಲ ಎಳೆದು ನೋಡಿ, ಹಾಡು ಹಾಕಿದ. ಅವನಿಗೆ ಯಾರೋ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸಿತು. ಮಾಸ್ತರ ಹೆಗಲು ಮಾತ್ರ ನಿಧಾನವಾಗಿ ಸಡಿಲವಾಯಿತು.

"ಸರಿ ಇದೆಯಾ?" ಅಂತ ಕೇಳಿದ. ಅವನು ಗಿರಾಕಿಯ ಹತ್ತಿರ ಆ ಪ್ರಶ್ನೆ ಕೇಳಿದ್ದು ಇದೇ ಮೊದಲು.

"ಬಲಗಡೆ ಒಂಚೂರು ಜಾಸ್ತಿ ಅನ್ಸುತ್ತಪ್ಪ," ಅಂದರು ಮಾಸ್ತರು, ಸಂಕೋಚದಿಂದ.

ಫಿಟ್ಟರ್ ಡ್ರೈವರ್ ಸೀಟಿನಿಂದ ಇಳಿದ. ಮೊಣಕಾಲು ಲಟಕ್ಕೆಂದಿತು, ಅದು ಚೆನ್ನಾಗಿಯೇ ಕೇಳಿಸಿತು. "ಅಕ್ಕಾ, ಇಲ್ಲಿ ನೀನು ಕೂತ್ಕೋ," ಅಂದು, ಆ ಕಡೆಗೆ ಸುತ್ತಿಹೋಗಿ, ನೆಲದ ಮೇಲೆ ಮಂಡಿಯೂರಿ, ಸೀಟಿನಡಿಗೆ ಸ್ಕ್ರೂಡ್ರೈವರ್ ಹಿಡಿದ.

"ಹೇಳು."

"ಕಮ್ಮಿ," ಅಂದಳು ಅಕ್ಕ. "ಇನ್ನೂ ಕಮ್ಮಿ. ಇನ್ನೂ."

ಅವನು ತಿರುಗಿಸುತ್ತಾ ಹೋದ.